ಗಾಯ ಸಣ್ಣದು, ನಾಲಿಗೆ ಉದ್ದ

ಮುಧೋಳ ನಾಯಿಯ ಪಕ್ಕೆಯ ಮೇಲೆ ಒಮ್ಮೆ ಕೈಯಾಡಿಸಿದವರಿಗೆ ಅದರ ಚರ್ಮ ಎಷ್ಟು ತೆಳು ಎಂಬುದು ಗೊತ್ತು. ಮೇಲೆ ನುಣುಪಾದ ಗಿಡ್ಡ ಕೂದಲು, ಒಳಗೆ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ. ಪಕ್ಕೆಲುಬು ಎಣಿಸಬಹುದು. ಓಡಲಿಕ್ಕೆಂದೇ ಆದ ಮೈ ಅದು. ಆದರೆ ಅದು ಓಡುವ ನೆಲ ನೋಡಿ: ಹುನಗುಂದದ ಎರೆಹೊಲಗಳ ಬದುವಿನ ತುಂಬ ಬಳ್ಳಾರಿ ಜಾಲಿ, ಬಾದಾಮಿ ಗುಡ್ಡಗಳ ಬುಡದಲ್ಲಿ ಕವಳಿ ಕಂಟಿ, ಇಳಕಲ್ ಸುತ್ತಮುತ್ತ ಗ್ರಾನೈಟ್ ಕ್ವಾರಿಗಳ ಚೂಪು ಚೂರು, ನೀರಾವರಿಯಾದ ಕಡೆಯೆಲ್ಲ ಹೊಲ ಸುತ್ತಿದ ಮುಳ್ಳುತಂತಿ. ಬೇರೆ ನಾಯಿಗೆ ಗೀರು ಬೀಳುವ ಕಡೆ ಈ ನಾಯಿಗೆ ಚರ್ಮವೇ ಹರಿಯುತ್ತದೆ.

ನಾನು ಸರಕಾರಿ ಪಶು ಆಸ್ಪತ್ರೆಗಳಲ್ಲಿ ಡಾಕ್ಟರರ ಕೈಕೆಳಗೆ ಗಾಯ ತೊಳೆಯುತ್ತ, ಪಟ್ಟಿ ಕಟ್ಟುತ್ತ ತಲೆ ನರೆಸಿಕೊಂಡವನು. ಮೊದಲು ಹುನಗುಂದದ ಕಡೆ, ಆಮೇಲೆ ಬಾದಾಮಿ, ಕೊನೆಗೆ ಬಾಗಲಕೋಟೆ. ಮನೆ ಇಳಕಲ್‌ನಲ್ಲಿ. ದನ, ಎಮ್ಮೆ, ಕುರಿಗಳ ನಡುವೆ ನಾಯಿಗಳೂ ಬರುತ್ತಿದ್ದವು, ಬಹುಪಾಲು ತಡವಾಗಿ. ತಡವಾಗಿ ಬಂದ ಗಾಯಗಳನ್ನು ನೋಡುತ್ತ ನೋಡುತ್ತ ನನಗೆ ಒಂದು ಮಾತು ಖಾತ್ರಿಯಾಯಿತು: ನಾಯಿಯ ಸಣ್ಣ ಗಾಯ ತಾನಾಗಿ ದೊಡ್ಡದಾಗುವುದು ಅಪರೂಪ. ಅದನ್ನು ದೊಡ್ಡದು ಮಾಡುವುದು ನಾಯಿಯ ನಾಲಿಗೆ, ನೊಣ, ಮತ್ತು ನಾವು ಅದರ ಮೇಲೆ ಸುರಿಯುವ ಸಾಮಾನು. ಈ ಮೂರನ್ನು ದೂರ ಇಟ್ಟರೆ ಉಳಿದ ಕೆಲಸವನ್ನು ಮೈಯೇ ಮಾಡಿಕೊಳ್ಳುತ್ತದೆ.

ನಮ್ಮ ಜಿಲ್ಲೆಯ ಈ ನಾಯಿಗೆ ಹೆಸರೇನೂ ಕಡಿಮೆಯಿಲ್ಲ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಈ ತಳಿಯ ಜೋಡಿಯನ್ನು ಕಾಣಿಕೆ ಕೊಟ್ಟದ್ದನ್ನು ಇಲ್ಲಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಅಲ್ಲಿಯ ಮರಿಗಳು 2016ರಲ್ಲಿ ಸೈನ್ಯಕ್ಕೆ ಹೋದವು. ಸೈನ್ಯಕ್ಕೆ ಹೋದ ನಾಯಿಗೆ ವೈದ್ಯರು ಪಕ್ಕದಲ್ಲೇ ಇರುತ್ತಾರೆ. ಕುರಿಹಟ್ಟಿಯ ನಾಯಿಗೆ, ಓಣಿಯ ಮನೆಯ ನಾಯಿಗೆ ಮೊದಲ ಕೈ ಹಚ್ಚುವವರು ಮನೆಯವರೇ. ಈ ಬರಹ ಅವರಿಗೆ. ಮುಧೋಳ ನಾಯಿಯ ಮಾತು ಹೆಚ್ಚಾಗಿ ಬಂದರೂ ಬೀದಿಯಿಂದ ತಂದು ಸಾಕಿದ ಜಾತಿನಾಯಿಯಲ್ಲದ ನಾಯಿಗೂ ಇದೇ ಕ್ರಮ.

ಮೊದಲು ಯಾವುದನ್ನು ಸಣ್ಣ ಗಾಯ ಎನ್ನಬೇಕು ಎಂಬುದು ತಿಳಿಯಲಿ. ತರಚು ಗಾಯ, ಮೇಲ್ಚರ್ಮದ ಗೀರು, ಉಣ್ಣೆ ಕಿತ್ತ ಜಾಗದ ಚಿಕ್ಕ ಹುಣ್ಣು, ಒಂದು ಅಂಗುಲದೊಳಗಿನ, ಬಾಯಿ ತೆರೆಯದ ಸೀಳು. ಇವನ್ನು ಮನೆಯಲ್ಲಿ ನೋಡಿಕೊಳ್ಳಬಹುದು. ಚರ್ಮ ಎರಡು ಕಡೆಗೆ ಸರಿದು ಒಳಗಿನ ಕೆಂಪು ಮಾಂಸ ಕಂಡರೆ ಅದು ಸಣ್ಣದಲ್ಲ. ಮುಧೋಳ ನಾಯಿಯಲ್ಲಿ ಮುಳ್ಳುತಂತಿ ತಾಗಿ ಚರ್ಮ ಬಟ್ಟೆಯ ತುಂಡಿನಂತೆ ಜೋತುಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಜೋತ ಚರ್ಮವನ್ನು ಕತ್ತರಿಸಿ ಹಾಕಬೇಡಿ, ಅದಕ್ಕೆ ಜೀವ ಇರುತ್ತದೆ. ಉಪ್ಪುನೀರಲ್ಲಿ ಅದ್ದಿದ ಸ್ವಚ್ಛ ಬಟ್ಟೆ ಮೇಲೆ ಹೊದಿಸಿ ಆಸ್ಪತ್ರೆಗೆ ತನ್ನಿ. ಆರೆಂಟು ತಾಸಿನೊಳಗೆ ಬಂದರೆ ಹೊಲಿಗೆ ಚೆನ್ನಾಗಿ ಕೂಡುತ್ತದೆ. ಮರುದಿನ ಬಂದರೆ ಅಂಚು ಒಣಗಿ, ಹೊಲಸು ಸೇರಿ ಕೆಲಸ ಕೆಟ್ಟಿರುತ್ತದೆ. ಕಣ್ಣಿನ ಹತ್ತಿರದ, ಕೀಲಿನ ಮೇಲಿನ ಗಾಯವೂ ಆಸ್ಪತ್ರೆಯದೇ.

ಕಚ್ಚಿದ ಗಾಯ ಮತ್ತು ಹಂದಿಯ ಕೋರೆಯ ಗಾಯ ಬೇರೆಯೇ ಜಾತಿ. ಮೇಲೆ ನೋಡಿದರೆ ಕಡಲೆಕಾಳಿನಷ್ಟು ತೂತು, ಒಳಗೆ ಬೆರಳುದ್ದದ ಚೀಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಶಾಸನವಿತ್ತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಬೂತುಗನಿಂದ ಮಣಲೇರ ಎಂಬ ವೀರ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಂದಿಗೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು ಅದು. ಕನ್ನಡನಾಡು ನಾಯಿಯ ಗಾಯಕ್ಕೆ ಅಷ್ಟು ಬೆಲೆ ಕೊಟ್ಟ ನಾಡು. ಹಂದಿ ಹೊಡೆದ ನಾಯಿಯನ್ನು, ಬೇರೆ ನಾಯಿ ಕಚ್ಚಿದ ನಾಯಿಯನ್ನು ಮನೆಯಲ್ಲಿ ಇಟ್ಟುಕೊಂಡು ಕಾಯಬೇಡಿ.

ಇನ್ನು ಕೆಲಸಕ್ಕೆ ಬರೋಣ. ನೋವಾದ ನಾಯಿ ಒಡೆಯನನ್ನೂ ಕಚ್ಚುತ್ತದೆ, ಅದರ ತಪ್ಪಲ್ಲ. ಎರಡು ಬೆರಳಗಲದ ಉದ್ದ ಬಟ್ಟೆಪಟ್ಟಿ ತೆಗೆದುಕೊಂಡು ಮೂತಿಯ ಸುತ್ತ ಒಂದು ಸುತ್ತು ಹಾಕಿ, ದವಡೆಯ ಕೆಳಗೆ ಅಡ್ಡ ಹಾಯಿಸಿ, ಕಿವಿಯ ಹಿಂದೆ ಸುಲಭವಾಗಿ ಬಿಚ್ಚುವ ಗಂಟು ಹಾಕಿ. ಕೆಲವೇ ನಿಮಿಷ ಸಾಕು. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಬಾಯಿ ತೆರೆದು ಏದುವುದರಿಂದ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಬಾಯಿ ಕಟ್ಟಿ ಬಹಳ ಹೊತ್ತು ಬಿಟ್ಟರೆ ಗಾಯಕ್ಕಿಂತ ದೊಡ್ಡ ಅಪಾಯ. ವಾಂತಿ ಮಾಡುತ್ತಿರುವ, ಉಸಿರಿಗೆ ಒದ್ದಾಡುವ ನಾಯಿಯ ಬಾಯಿ ಕಟ್ಟಲೇಬಾರದು. ಒಬ್ಬರು ತಲೆ ಹಿಡಿದು ಮಾತಾಡಿಸುತ್ತ ಇರಲಿ, ಇನ್ನೊಬ್ಬರು ಗಾಯ ನೋಡಲಿ.

ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆ ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಐದು ನಿಮಿಷ ಎತ್ತಿ ನೋಡಬಾರದು. ಎತ್ತಿ ನೋಡಿದಾಗಲೆಲ್ಲ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ರಕ್ತ ನಿಂತ ಮೇಲೆ ಗಾಯದ ಸುತ್ತಲಿನ ಕೂದಲು ತೆಗೆಯಬೇಕು. ಮುಧೋಳ ನಾಯಿಗೆ ಇದು ಅಷ್ಟಾಗಿ ಬೇಡ, ಉದ್ದ ಕೂದಲಿನ ನಾಯಿಗೆ ಬೇಕೇ ಬೇಕು. ಕೂದಲು ಗಾಯದೊಳಗೆ ಮಡಚಿಕೊಂಡರೆ ಕೀವು ಖಂಡಿತ. ಕತ್ತರಿಯನ್ನು ನೇರವಾಗಿ ಚರ್ಮಕ್ಕೆ ಹಚ್ಚಬೇಡಿ. ನಡುವೆ ಬಾಚಣಿಗೆ ಹಿಡಿದು, ಬಾಚಣಿಗೆಯ ಮೇಲೆ ನಿಂತ ಕೂದಲನ್ನಷ್ಟೇ ಕತ್ತರಿಸಿ. ಒದ್ದೆ ಹತ್ತಿ ಗಾಯದ ಮೇಲೆ ಇಟ್ಟಿದ್ದರೆ ತುಂಡು ಕೂದಲು ಒಳಗೆ ಬೀಳುವುದಿಲ್ಲ.

ತೊಳೆಯುವುದೇ ನಿಜವಾದ ಔಷಧ. ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸಿ, ಒಂದು ಚಹಾ ಚಮಚ ಉಪ್ಪನ್ನು ತಲೆಸಮ ಹಾಕಿ ಕರಗಿಸಿ. ಆಸ್ಪತ್ರೆಯ ಸಲೈನ್ ಹೆಚ್ಚುಕಡಿಮೆ ಇದೇ. ಸೂಜಿ ತೆಗೆದ ದೊಡ್ಡ ಸಿರಿಂಜಿನಿಂದಲೋ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದಲೋ ಗಾಯದ ಮೇಲೆ ಚಿಮ್ಮಿಸಿ. ಮಣ್ಣು, ಮುಳ್ಳಿನ ಚೂರು, ಹುಲ್ಲಿನ ಸುಂಕು ಹೊರಬರುವವರೆಗೂ ಚಿಮ್ಮಿಸಬೇಕು. ಹತ್ತಿಯಿಂದ ಗಸಗಸ ತಿಕ್ಕಬಾರದು. ಎಳೆ ಒಳಗೆ ಸಿಕ್ಕಿಕೊಳ್ಳುತ್ತದೆ, ಎಳೆ ಚರ್ಮ ಕಿತ್ತುಹೋಗುತ್ತದೆ. ಉಪ್ಪು ಕರಗಿಸುವಷ್ಟು ಹೊತ್ತಿಲ್ಲವೆಂದರೆ ಕುಡಿಯುವ ನೀರೇ ಆಗಲಿ, ಆದರೆ ಧಾರಾಳವಾಗಿ.

ಆಮೇಲೆ ಪೊವಿಡೋನ್ ಅಯೋಡಿನ್. ಔಷಧದಂಗಡಿಯಲ್ಲಿ ಸಿಗುವ ಕೆಂಪು ದ್ರಾವಣವನ್ನು ಇದ್ದಂತೆಯೇ ಸುರಿಯುವವರೇ ಹೆಚ್ಚು. ಅದನ್ನು ನೀರಲ್ಲಿ ತೆಳು ಮಾಡಬೇಕು, ಹಾಲು ಹಾಕದ ತೆಳ್ಳನೆಯ ಚಹಾದ ಬಣ್ಣ ಬರುವವರೆಗೆ. ದಟ್ಟ ಇದ್ದರೆ ರೋಗಾಣುವಿನ ಜೊತೆಗೆ ಹೊಸದಾಗಿ ಹುಟ್ಟುವ ಜೀವಕೋಶಗಳನ್ನೂ ಸುಡುತ್ತದೆ. ತೆಳು ಮಾಡಿದ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಒಣಗಲು ಬಿಡಿ. ದಿನಕ್ಕೆ ಎರಡು ಸಲ ಸಾಕು. ಮೂರನೆಯ ದಿನದ ಹೊತ್ತಿಗೆ ಗಾಯದ ತಳದಲ್ಲಿ ಗುಲಾಬಿ ಬಣ್ಣದ ಹರಳು ಹರಳಾದ ಹೊಸ ಮಾಂಸ ಕಾಣಿಸಿಕೊಂಡರೆ ಹಾದಿ ಸರಿಯಿದೆ. ಅದನ್ನು ಕಂಡು ಗಾಯ ಕೆಂಪಾಯಿತೆಂದು ಹೆದರಿ ಕೆರೆದು ತೊಳೆಯುವವರುಂಟು. ಬೇಡ, ಅದೇ ಮಾಯುವ ಗುರುತು.

ಈಗ ಹಾಕಬಾರದ್ದು. ಇದನ್ನು ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾಕೆಂದರೆ ಹಾಕುವವರೆಲ್ಲ ಪ್ರೀತಿಯಿಂದಲೇ ಹಾಕಿರುತ್ತಾರೆ. ಸುಣ್ಣ, ಬ್ಯಾಟರಿಯ ಕಪ್ಪು ಪುಡಿ, ಸೀಮೆಎಣ್ಣೆ, ಗಾಡಿಯ ಸುಟ್ಟ ಆಯಿಲ್, ಡಾಂಬರ್ ಗುಳಿಗೆಯ ಪುಡಿ, ಫಿನಾಯಿಲ್. ಸುಣ್ಣ ಸುಡುತ್ತದೆ. ಉಳಿದವು ನಾಯಿ ನೆಕ್ಕಿದ ಕೂಡಲೇ ಹೊಟ್ಟೆ ಸೇರಿ ವಿಷವಾಗುತ್ತವೆ. ನೆಕ್ಕದಿದ್ದರೂ ಹಸಿ ಗಾಯದಿಂದ ಸ್ವಲ್ಪ ಸ್ವಲ್ಪ ಒಳಗಿಳಿಯುತ್ತವೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ. ಪೆರಾಕ್ಸೈಡಿನ ಬುರುಗು ನೋಡಿ ಹೊಲಸೆಲ್ಲ ಹೊರಬರುತ್ತಿದೆ ಎಂದು ಸಮಾಧಾನ ಆಗುತ್ತದೆ, ಆದರೆ ಅದು ಎಳೆ ಮಾಂಸವನ್ನೂ ತಿನ್ನುತ್ತದೆ. ಅರಿಶಿನ ವಿಷವಲ್ಲ, ನಿಜ; ಅಡುಗೆಮನೆಯ ಡಬ್ಬಿಯ ಪುಡಿಯನ್ನು ಗಾಯದೊಳಗೆ ತುಂಬಿದರೆ ಮೇಲೆ ಗಟ್ಟಿ ಪದರ ಕಟ್ಟಿ ಅದರಡಿ ಕೀವು ಕೂಡುತ್ತದೆ. ಮನುಷ್ಯರ ಮುಲಾಮುಗಳ ವಿಷಯದಲ್ಲೂ ಎಚ್ಚರ: ತುರಿಕೆಗೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಗಾಯ ಮಾಯುವುದನ್ನು ತಡೆಯುತ್ತದೆ, ಮಕ್ಕಳಿಗೆ ಹಚ್ಚುವ ಸತುವಿನ ಬಿಳಿ ಕ್ರೀಮನ್ನು ನಾಯಿ ನೆಕ್ಕಿದರೆ ವಿಷ, ಸೊಂಟನೋವಿನ ಜೆಲ್ ಅಂತೂ ಹತ್ತಿರ ತರಬೇಡಿ.

ನೋವಿಗೆಂದು ನಮ್ಮ ಗುಳಿಗೆ ಕೊಡುವುದೂ ಹೀಗೆಯೇ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡ ಕೆಡಿಸುತ್ತವೆ. ರಣಹದ್ದುಗಳ ಸಾವಿಗೆ ಕಾರಣವಾಯಿತೆಂದು ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲೇ ನಿಲ್ಲಿಸಿದರು, ಆದರೆ ಮನುಷ್ಯರ ಗುಳಿಗೆ ಎಲ್ಲ ಅಂಗಡಿಯಲ್ಲೂ ಇದೆ. ನಾಯಿಗೆ ಬೇರೆ ನೋವಿನ ಔಷಧ ಇದೆ, ಡಾಕ್ಟರರು ತೂಕ ನೋಡಿ ಕೊಡುತ್ತಾರೆ.

ನಾಲಿಗೆಯ ಮಾತು ಬಂದಾಗ ನಮ್ಮ ಕಡೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. “ನಾಯಿ ನಾಲಿಗ್ಯಾಗ ಔಷಧ ಇರತೈತ್ರೀ, ತಾನ ನೆಕ್ಕಿ ಮಾಯಿಸ್ಕೋತೈತಿ, ಬಿಡ್ರಿ.” ಹುನಗುಂದದ ಹತ್ತಿರದ ಹಟ್ಟಿಯೊಂದರ ಹಿರಿಯರು ಹೀಗೆ ಹೇಳಿದಾಗ ನಾನು ಇಲ್ಲವೆನ್ನಲಿಲ್ಲ. ಅದರಲ್ಲಿ ಅರ್ಧ ನಿಜ ಇದೆ. ನಾಯಿಯ ಜೊಲ್ಲಿನಲ್ಲಿ ಕೆಲವು ರೋಗಾಣುಗಳನ್ನು ಕೊಲ್ಲುವ ಅಂಶಗಳಿವೆ, ವಿಜ್ಞಾನಿಗಳು ಪರೀಕ್ಷಿಸಿ ಹೇಳಿದ್ದಾರೆ. ಕಾಡಿನಲ್ಲಿ ಬೇರೆ ಗತಿ ಇಲ್ಲದ ಪ್ರಾಣಿಗೆ ಮಣ್ಣು ತೆಗೆಯಲು ನಾಲಿಗೆಯೇ ಸಾಧನ. ಆದರೆ ಅದೇ ಬಾಯಿಯಲ್ಲಿ ಗಾಯಕ್ಕೆ ಕೀವು ತರುವ ಬೇರೆ ರೋಗಾಣುಗಳೂ ಇರುತ್ತವೆ. ಮೇಲಾಗಿ ನಾಯಿ ಒಂದೆರಡು ಸಲ ನೆಕ್ಕಿ ಬಿಡುವುದಿಲ್ಲ. ಗಾಯ ಮಾಯುವಾಗ ತುರಿಸುತ್ತದೆ, ತುರಿಸಿದಾಗ ನೆಕ್ಕುತ್ತದೆ, ನೆಕ್ಕಿದಾಗ ಹಕ್ಕಳೆ ಕಿತ್ತು ಹಸಿಯಾಗುತ್ತದೆ, ಹಸಿಯಾದದ್ದು ಮತ್ತೆ ತುರಿಸುತ್ತದೆ. ಒರಟು ನಾಲಿಗೆಯ ಉಜ್ಜಾಟಕ್ಕೆ ಅಂಚಿನಿಂದ ಒಳಗೆ ಬೆಳೆದು ಬರುತ್ತಿದ್ದ ತೆಳು ಚರ್ಮ ನಿಲ್ಲುವುದಿಲ್ಲ. ಸದಾ ಒದ್ದೆಯಾದ ಜಾಗದಲ್ಲಿ ಸುತ್ತಲಿನ ಗಟ್ಟಿ ಚರ್ಮವೂ ಮೆತ್ತಗಾಗಿ ಕೊಳೆಯತೊಡಗುತ್ತದೆ. ಹೊಲಿಗೆ ಇದ್ದರಂತೂ ಒಂದು ರಾತ್ರಿ ಸಾಕು, ಮುಂದಿನ ಹಲ್ಲಿನಿಂದ ದಾರ ಕಿತ್ತಿರುತ್ತದೆ. ಆ ಹಿರಿಯರಿಗೆ ನಾನು ಇಷ್ಟೇ ಅಂದೆ: “ಅಣ್ಣಾರ, ಮೊದಲನೇ ಸಲ ನೆಕ್ಕೂದು ತೊಳೆಯೂದು. ಆಮ್ಯಾಲಿಂದೆಲ್ಲಾ ಕೆರೆಯೂದು.”

ನೆಕ್ಕದಂತೆ ತಡೆಯಲು ಪೇಟೆಯಲ್ಲಿ ಪ್ಲಾಸ್ಟಿಕ್ ಕಾಲರ್ ಸಿಗುತ್ತದೆ, ಕೊರಳ ಸುತ್ತ ಆಲಿಕೆಯಾಕಾರದಲ್ಲಿ ನಿಲ್ಲುವಂಥದ್ದು. ಕೋನ್ ಎಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಒಳ್ಳೆಯ ವಸ್ತು. ಆದರೆ ಮುಧೋಳ ನಾಯಿಯ ಮಟ್ಟಿಗೆ ಒಂದು ತೊಡಕಿದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ. ಈ ಕಾಲರುಗಳನ್ನು ಗಿಡ್ಡ ಮೂತಿಯ, ದಪ್ಪ ತಲೆಯ ನಾಯಿಗಳ ಅಳತೆಗೆ ಮಾಡಿರುತ್ತಾರೆ. ನಮ್ಮ ನಾಯಿಯ ಮೂತಿ ಉದ್ದ, ಕೊರಳೂ ಉದ್ದ. ಕೊರಳ ಸುತ್ತಳತೆಗೆ ಸರಿಹೊಂದುವ ಕಾಲರ್ ತಂದರೆ ಮೂತಿ ಅರ್ಧ ಹೊರಗೇ ಇರುತ್ತದೆ. ನಾಯಿ ಕೊರಳು ಬಳಕಿಸಿ ಹಿಂಗಾಲನ್ನು ಆರಾಮಾಗಿ ನೆಕ್ಕುತ್ತದೆ. ಇನ್ನೊಂದು, ಅದರ ತಲೆ ಕೊರಳಿಗಿಂತ ಸಣ್ಣದು, ಹಿಂದಕ್ಕೆ ಜಗ್ಗಿದರೆ ಕಾಲರ್ ಸುಲಭವಾಗಿ ಜಾರಿ ಬರುತ್ತದೆ. ಹೀಗಾಗಿ ಕೊಳ್ಳುವ ಮುನ್ನ ಎರಡು ಅಳತೆ ತೆಗೆದುಕೊಂಡು ಹೋಗಿ. ಒಂದು ಕೊರಳ ಸುತ್ತಳತೆ. ಇನ್ನೊಂದು ಕೊರಳಪಟ್ಟಿ ಕೂಡುವ ಜಾಗದಿಂದ ಮೂಗಿನ ತುದಿವರೆಗಿನ ಉದ್ದ. ಅದಕ್ಕೆ ಮೂರು ಬೆರಳು ಹೆಚ್ಚು ಸೇರಿಸಿ. ಉದ್ದಕ್ಕೆ ಸರಿಹೊಂದುವ ಕಾಲರನ್ನೇ ತನ್ನಿ, ಕೊರಳ ಕಡೆ ಅಗಲವಾದರೆ ಒಳಗೆ ಬಟ್ಟೆ ಸುತ್ತಿ ಕಿರಿದು ಮಾಡಿಕೊಳ್ಳಬಹುದು. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ಜಾರದಂತೆ ಅದನ್ನು ಎದೆಪಟ್ಟಿಗೆ ದಾರದಿಂದ ಕಟ್ಟಿಬಿಡಿ.

ಪೇಟೆಯ ಕಾಲರ್ ಸಿಗದ ಊರಲ್ಲಿ ಬಣ್ಣದ ಬಕೆಟ್ ಸಾಕು. ಚೆನ್ನಾಗಿ ತೊಳೆದು ತಳ ಕತ್ತರಿಸಿ ತಲೆ ತೂರುವಷ್ಟು ತೂತು ಮಾಡಿ, ಅಂಚಿಗೆಲ್ಲ ಹಳೆ ಬಟ್ಟೆ ಸುತ್ತಿ ಟೇಪು ಹಚ್ಚಿ, ನಾಲ್ಕು ತೂತು ಕೊರೆದು ಕೊರಳಪಟ್ಟಿಗೆ ಪೋಣಿಸಿದರೆ ಆಯಿತು. ಅಂಚನ್ನು ಹಾಗೇ ಬಿಟ್ಟರೆ ಕೊರಳಲ್ಲಿ ಹೊಸ ಗಾಯ. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಜೋಡಿಸಿ ಮಾಡಿದ ಕಾಲರ್ ಹಗುರ, ಪಾರದರ್ಶಕ. ಮರಿಗಳಿಗೆ ಅದೇ ವಾಸಿ. ಮೊದಲ ದಿನ ನಾಯಿ ಬಾಗಿಲಿಗೆ ಬಡಿದುಕೊಳ್ಳುತ್ತದೆ, ಮೂಲೆಗೆ ಹೋಗಿ ಅಲುಗಾಡದೆ ನಿಲ್ಲುತ್ತದೆ. ಮನೆಯವರ ಕರುಳು ಚುರ್ರೆನ್ನುತ್ತದೆ, ತೆಗೆದುಬಿಡುತ್ತಾರೆ. ದಯವಿಟ್ಟು ತೆಗೆಯಬೇಡಿ. ಹೆಚ್ಚಿನ ನಾಯಿಗಳು ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತವೆ. ಊಟದ ತಟ್ಟೆಯನ್ನು ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ, ನೀರಿನ ಪಾತ್ರೆ ಕಾಲರಿನ ಬಾಯಿಗಿಂತ ಕಿರಿದಿರಲಿ, ಆಗ ಮೂತಿ ನೀರಿಗೆ ತಲುಪುತ್ತದೆ. ಬೇಸಿಗೆಯಲ್ಲಿ ನೀರು ಕುಡಿಯುತ್ತಿದೆಯೇ ಎಂದು ನಿಂತು ನೋಡಬೇಕು.

ಹೊಟ್ಟೆ, ಬೆನ್ನು, ಪಕ್ಕೆ, ಭುಜದ ಗಾಯಕ್ಕೆ ನನಗೆ ಕಾಲರಿಗಿಂತ ಬಟ್ಟೆಯೇ ಇಷ್ಟ. ಮಕ್ಕಳ ಹಳೆಯ ಟೀ ಶರ್ಟನ್ನು ತಿರುವಿ ತೊಡಿಸಿ, ಮುಂಗಾಲು ತೋಳಿನಲ್ಲಿ ತೂರಿಸಿ, ಉಳಿದ ಬಟ್ಟೆಯನ್ನು ಸೊಂಟದ ಮೇಲೆ ಒಟ್ಟು ಹಿಡಿದು ರಬ್ಬರ್ ಬ್ಯಾಂಡ್ ಬದಲು ಬಟ್ಟೆಯ ಲಾಡಿಯಿಂದ ಕಟ್ಟಿ. ಗಂಡುನಾಯಿಯ ಮೂತ್ರದ ಜಾಗ ಬಿಟ್ಟು ಕಟ್ಟಬೇಕು ಎಂಬುದನ್ನು ಮರೆಯಬೇಡಿ. ಮುಧೋಳ ನಾಯಿಯ ಎದೆ ಆಳ, ಸೊಂಟ ಸಣ್ಣ. ಹೊಲಿದ ಅಂಗಿ ಹಿಂದಕ್ಕೆ ಸಡಿಲಾಗುತ್ತದೆ, ಕಟ್ಟಿದ್ದೇ ಸರಿಯಾಗಿ ಕೂರುತ್ತದೆ. ಇಳಕಲ್‌ನಲ್ಲಿ ಬಟ್ಟೆಗೆ ಬರವಿಲ್ಲ. ನಮ್ಮ ಸೀರೆಯ ಹತ್ತಿಯ ಒಡಲು ಸವೆದು ಮೆತ್ತಗಾದ ಮೇಲೆ ಅದಕ್ಕಿಂತ ಒಳ್ಳೆಯ ಗಾಯದ ಬಟ್ಟೆ ಇಲ್ಲ. ಗಾಯ ಒಸರಿದ್ದನ್ನು ಹೀರುತ್ತದೆ, ಗಾಳಿಯಾಡುತ್ತದೆ. ಆದರೆ ಈಗಿನ ಎಷ್ಟೋ ಸೀರೆಗಳಲ್ಲಿ ಕೃತಕ ರೇಷ್ಮೆ ಇರುತ್ತದೆ, ಸೆರಗಂತೂ ರೇಷ್ಮೆಯದೇ. ಅದು ಗಾಳಿ ಬಿಡದೆ ಗಾಯವನ್ನು ಬೇಯಿಸುತ್ತದೆ. ಒಡಲಿನ ಹತ್ತಿಯನ್ನೇ ಹರಿದುಕೊಳ್ಳಿ, ಕುದಿಯುವ ನೀರಲ್ಲಿ ಅದ್ದಿ ಬಿಸಿಲಲ್ಲಿ ಒಣಗಿಸಿ, ದಿನಾ ಬದಲಿಸಿ.

ಪಾದದ ಗಾಯ ಕಷ್ಟದ್ದು. ಕ್ವಾರಿಯ ಕಲ್ಲು ಚುಚ್ಚಿದ ಅಂಗಾಲು ರಕ್ತ ಬಹಳ ಸುರಿಸುತ್ತದೆ, ಮಾಯಲು ತಡ, ಯಾಕೆಂದರೆ ನಾಯಿ ಅದರ ಮೇಲೇ ನಿಲ್ಲಬೇಕು. ಬೆರಳುಗಳ ಸಂದಿಗೆ ತೆಳುವಾಗಿ ಹತ್ತಿ ಇಟ್ಟು, ಮೇಲೆ ಪಟ್ಟಿ ಸುತ್ತಿ, ಅದರ ಮೇಲೆ ಹತ್ತಿಯ ಕಾಲುಚೀಲ ಹಾಕಿ. ನಡುವಿನ ಎರಡು ಉಗುರುಗಳ ತುದಿ ಹೊರಗೆ ಕಾಣುವಂತಿರಲಿ. ಅವು ಒಂದಕ್ಕೊಂದು ದೂರ ಸರಿದರೆ, ತಣ್ಣಗಾದರೆ ಪಟ್ಟಿ ಬಿಗಿಯಾಗಿ ಕಾಲು ಬಾತಿದೆ ಎಂದರ್ಥ; ಕೂಡಲೇ ಕತ್ತರಿಸಿ ತೆಗೆಯಿರಿ. ಪಟ್ಟಿ ಬಿಗಿದು ಬೆರಳೇ ಕೊಳೆತು ಬಂದ ನಾಯಿಗಳನ್ನು ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿದ್ದೇನೆ. ಹೊರಗೆ ಮೂತ್ರಕ್ಕೆ ಕರೆದೊಯ್ಯುವಾಗ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಬಂದ ಕೂಡಲೇ ತೆಗೆಯಿರಿ. ಬಾಲದ ತುದಿ ಗೋಡೆಗೆ ಬಡಿದು ಒಡೆಯುವುದು ಈ ತಳಿಯಲ್ಲಿ ಆಗಾಗ ಆಗುತ್ತದೆ. ದೊಡ್ಡ ಸಿರಿಂಜಿನ ಹೊರಕವಚಕ್ಕೆ ಗಾಳಿಗೆ ತೂತು ಮಾಡಿ ಬಾಲಕ್ಕೆ ತೊಡಿಸಿ, ಟೇಪನ್ನು ಕೂದಲಿಗೆ ಅಂಟಿಸುತ್ತಿದ್ದೆವು.

ಕಹಿ ಔಷಧ ಸಿಂಪಡಿಸಿದರೆ ನೆಕ್ಕುವುದಿಲ್ಲವೇ ಎಂದು ಕೇಳುತ್ತಾರೆ. ಕೆಲವು ನಾಯಿ ಬಿಡುತ್ತವೆ, ಬಹಳಷ್ಟು ಎರಡು ದಿನದಲ್ಲಿ ಕಹಿಗೂ ಒಗ್ಗುತ್ತವೆ. ಮೆಣಸಿನಪುಡಿ ಹಚ್ಚುವುದು ಕ್ರೌರ್ಯ, ಬೇರೆ ಮಾತಿಲ್ಲ. ಇನ್ನೊಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ: ಹಟ್ಟಿಯಲ್ಲಿ ಮೂರು ನಾಲ್ಕು ನಾಯಿ ಇದ್ದರೆ ಕಾಲರ್ ಹಾಕಿದ ನಾಯಿಯ ಗಾಯವನ್ನು ಜೊತೆಯ ನಾಯಿ ನೆಕ್ಕುತ್ತದೆ. ಬೇರೆ ಕಟ್ಟಬೇಕು. ಕುರಿಗಾರರು ಇಲ್ಲಿ ನ್ಯಾಯವಾದ ಪ್ರಶ್ನೆ ಎತ್ತುತ್ತಾರೆ. “ಕೊಳ್ಳಿಗೆ ಬುಟ್ಟಿ ಹಾಕಿದ್ರ ರಾತ್ರಿ ತ್ವಾಳ ಬಂದ್ರ ಏನ್ ಮಾಡ್ತೈತ್ರೀ ನಾಯಿ?” ನಿಜ, ಕಾಲರ್ ಹಾಕಿದ ನಾಯಿ ತೋಳದ ಎದುರು ಹೋಗಬಾರದು. ಅದಕ್ಕೆ ನನ್ನ ಸಲಹೆ, ಗಾಯವಾದ ನಾಯಿಯನ್ನು ಹಿಂಡಿನ ಹಿಂದೆ ಕಳಿಸದೆ ಒಂದು ವಾರ ಊರಮನೆಗೆ ಬಿಡಿ. ಕೂಲಿಯವನಿಗೂ ಕಾಲು ಕೊಯ್ದರೆ ರಜೆ ಕೊಡುತ್ತೇವೆ.

ನೊಣ. ಮಳೆಗಾಲದಲ್ಲಿ ನಮ್ಮ ಕಡೆ ಗಾಯಕ್ಕೆ ಹುಳ ಬೀಳುವುದು ನೋಡುನೋಡುತ್ತಲೇ ಆಗುತ್ತದೆ. ಹಸಿ ಗಾಯದ ಅಂಚಿನಲ್ಲಿ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳ ಜೀವಂತ ಮಾಂಸ ತಿನ್ನುತ್ತ ಒಳಗಿಳಿಯುತ್ತದೆ. ಕಿವಿಯ ತುದಿ, ಬಾಲದ ಬುಡ, ಕಾಲ್ಬೆರಳ ಸಂದಿ ಇದಕ್ಕೆ ಹೆಚ್ಚು. ಗಾಯವಾದ ನಾಯಿಯನ್ನು ಕೊಟ್ಟಿಗೆಯ ಹತ್ತಿರ ಕಟ್ಟಬೇಡಿ; ಮಗುವಿನ ಸೊಳ್ಳೆಪರದೆಯಡಿ ಮಲಗಿಸಿದರೂ ತಪ್ಪಿಲ್ಲ. ಗಾಯದೊಳಗಲ್ಲ, ಸುತ್ತಲಿನ ಕೂದಲಿಗೆ ಬೇವಿನೆಣ್ಣೆ ತುಸು ಸವರಬಹುದು, ಕಾಲರ್ ಇದ್ದಾಗ ಮಾತ್ರ. ಕೆಟ್ಟ ವಾಸನೆ ಬಂತು, ಸಣ್ಣ ತೂತಿನಿಂದ ಕೆಂಪು ನೀರು ಒಸರಿತು, ನಾಯಿ ಒಂದೇ ಕಡೆ ತಿರುತಿರುಗಿ ನೋಡುತ್ತಿದೆ ಎಂದರೆ ಹುಳ ಬಿದ್ದಿವೆ. ಸೀಮೆಎಣ್ಣೆ ಸುರಿಯದೆ ಆಸ್ಪತ್ರೆಗೆ ತನ್ನಿ. ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆಯಬೇಕಾಗುತ್ತದೆ, ಒಳಗೆ ಉಳಿದದ್ದಕ್ಕೆ ಔಷಧ ಬೇರೆ. ತರಲಾಗದ ಸ್ಥಿತಿ ಇದ್ದರೆ 1962ಕ್ಕೆ ಫೋನ್ ಮಾಡಿ ಕೇಳಿ, ಅದು ಪಶುಸಂಜೀವಿನಿ ಸಹಾಯವಾಣಿ.

ಗಾಯವೇ ಇಲ್ಲದ ಕಡೆ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುವ ನಾಯಿಗಳೂ ಇವೆ. ಮುಂಗಾಲಿನ ಮಣಿಕಟ್ಟಿನ ಮೇಲೆ ಕೂದಲು ಉದುರಿ, ದಪ್ಪ ಗಂಟಿನಂಥ ಹುಣ್ಣು. ಕೆಲವೊಮ್ಮೆ ಒಳಗೆ ಕೀಲುನೋವೋ ಚುಚ್ಚಿದ ಮುಳ್ಳೋ ಇರುತ್ತದೆ, ಅದನ್ನು ಡಾಕ್ಟರರು ನೋಡಬೇಕು. ಬಹಳ ಸಲ ಕಾರಣ ಸರಪಳಿ. ಮುಧೋಳ ನಾಯಿ ಹೊಲದಲ್ಲಿ ಬಾಣದಂತೆ ಓಡುವ ಪ್ರಾಣಿ. ಶೋಕಿಗೆ ತಂದು ನಾಲ್ಕು ಅಡಿ ಸರಪಳಿಯಲ್ಲಿ ದಿನವಿಡೀ ಗೇಟಿಗೆ ಕಟ್ಟಿದರೆ ಅದಕ್ಕೆ ಮಾಡಲು ಉಳಿಯುವುದು ಕಾಲು ನೆಕ್ಕುವುದೊಂದೇ. ಅದಕ್ಕೆ ಮುಲಾಮು ಸಾಲದು, ಬೆಳಿಗ್ಗೆ ಸಂಜೆ ಓಡಲು ಬಯಲು ಬೇಕು, ಮನೆಯವರ ಒಡನಾಟ ಬೇಕು. ಬಾಗಲಕೋಟೆಯ ನವನಗರದ ಹೊಸ ಮನೆಗಳಲ್ಲಿ ಈಗ ಈ ತಳಿಯನ್ನು ಸಾಕುವವರಿದ್ದಾರೆ. ಓಡಿಸಲು ಜಾಗ, ಹೊತ್ತು ಇಲ್ಲದವರು ಇದನ್ನು ಸಾಕಬಾರದು ಎಂದೇ ನನ್ನ ಅಭಿಪ್ರಾಯ.

ಕೊನೆಗೆ ಹುಚ್ಚುನಾಯಿ ರೋಗದ ಮಾತು, ಇದನ್ನು ಬಿಟ್ಟು ನಾಯಿಯ ಗಾಯದ ಬಗ್ಗೆ ಬರೆಯುವುದು ತಪ್ಪಾಗುತ್ತದೆ. ಗಾಯ ಬೇರೆ ನಾಯಿಯೋ ಮಂಗವೋ ನರಿಯೋ ಕಚ್ಚಿದ್ದಾದರೆ ಕೈಗೆ ಗ್ಲೌಸ್ ಹಾಕಿಕೊಳ್ಳದೆ ಮುಟ್ಟಬೇಡಿ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ, ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಕಚ್ಚಿಸಿಕೊಂಡ ನಾಯಿಗೆ ಆ ದಿನದಿಂದ ಶುರುವಾಗಿ 3, 7, 14, 28ನೇ ದಿನ ಹೀಗೆ ಸರಣಿ ಚುಚ್ಚುಮದ್ದು ಬರುತ್ತದೆ, ನಡುವೆ ಒಂದನ್ನೂ ತಪ್ಪಿಸಬಾರದು. ನಿಮ್ಮ ಕೈಯಲ್ಲಿ ಸೀಳಿದ್ದು ಅದರ ಮೇಲೆ ಅಂಥ ನಾಯಿಯ ಜೊಲ್ಲು ತಾಗಿದ್ದರೆ, ಹಲ್ಲು ತಾಗದಿದ್ದರೂ ಅದು ಕಚ್ಚಿದಷ್ಟೇ ಗಂಭೀರ. ಮಗ್ಗದ ಕೆಲಸದಲ್ಲಿ, ಕಲ್ಲಿನ ಕೆಲಸದಲ್ಲಿ ಬೆರಳು ಸೀಳದವರು ಯಾರಿದ್ದಾರೆ? ಸಾಬೂನಿನಿಂದ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ. ಸಾಕುನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಿ, ಚೀಟಿ ಜೋಪಾನ ಮಾಡಿ.

ಸಣ್ಣ ಗಾಯವಾದರೆ ಕಾಲರನ್ನೋ ಅಂಗಿಯನ್ನೋ ಹಕ್ಕಳೆ ತಾನಾಗಿ ಉದುರಿ ಕೆಳಗೆ ಒಣ ಚರ್ಮ ಕಾಣುವವರೆಗೆ ಇಡಿ. ಹೊಲಿಗೆ ಇದ್ದರೆ ಅದನ್ನು ತೆಗೆಯುವವರೆಗೆ, ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ. ಊಟದ ಹೊತ್ತಿಗೆ ಬಿಚ್ಚಿದರೆ ಪಕ್ಕದಲ್ಲೇ ಕೂತಿರಿ, ಮಲಗುವ ಮುನ್ನ ಮತ್ತೆ ಕಟ್ಟಿ, ಯಾಕೆಂದರೆ ನಾಯಿ ಹೆಚ್ಚು ನೆಕ್ಕುವುದು ನೀವು ನಿದ್ದೆ ಹೋದ ಮೇಲೆ. ಮೂರು ದಿನದಲ್ಲಿ ಗಾಯ ಕಿರಿದಾಗದಿದ್ದರೆ, ಬಾವು, ಕೀವು, ವಾಸನೆ ಬಂದರೆ, ನಾಯಿ ಊಟ ಬಿಟ್ಟರೆ, ಇನ್ನೊಂದು ದಿನ ನೋಡೋಣ ಎನ್ನದೆ ಹತ್ತಿರದ ಪಶು ಆಸ್ಪತ್ರೆಗೆ ಕರೆತನ್ನಿ.